ಹಾಸಿ, ಮರೆತುಬಿಡಿ

ಶನಿವಾರ ಎಂಬ ದಿನವನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಸಿಕ್ಕಿದ್ದರೆ ಅವರ ಕೈಗೊಂದು ಪೊರಕೆ ಕೊಟ್ಟು ಒಟ್ಮಾರ್ ಬಾಯರ್ಲೆ ಬೀದಿಯಲ್ಲಿ ನಿಲ್ಲಿಸುತ್ತಿದ್ದ. ಹಲ್ಲುಚಕ್ರ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಗಾರನಾಗಿ, ಜೀವಮಾನವಿಡೀ ಕೂದಲೆಳೆಯಷ್ಟು ತಪ್ಪನ್ನೂ ಬಿಡದೆ ಹುಡುಕಿ ಕಣ್ಣು ಸವೆಸಿಕೊಂಡವನು ಅವನು. ನಿವೃತ್ತನಾದ ಮೇಲಾದರೂ ಶನಿವಾರ ಮಧ್ಯಾಹ್ನ ಕಾಲು ಚಾಚಿ ಕೂತು, ಪಕ್ಕದಲ್ಲೊಂದು ಬಿಯರ್ ಇಟ್ಟುಕೊಂಡು, ಟಿವಿಯಲ್ಲಿ ಫುಟ್‌ಬಾಲ್ ನೋಡಬೇಕೆಂಬುದು ಅವನ ಏಕೈಕ ಆಸೆ. ಬೇರೆ ಎಲ್ಲಾದರೂ ಹುಟ್ಟಿದ್ದರೆ ಅದು ಈಡೇರುತ್ತಿತ್ತೇನೋ. ಆದರೆ ಅವನು ಹುಟ್ಟಿದ್ದು ಶ್ವಾಬಿಯಾದಲ್ಲಿ. ಸ್ಟುಟ್‌ಗಾರ್ಟಿನ ಸುತ್ತಮುತ್ತಲಿನ ಆ ಸೀಮೆಯಲ್ಲಿ ಶನಿವಾರವೆಂದರೆ ಗುಡಿಸುವ ದಿನ.

ಗುಡಿಸುವುದೆಂದರೆ ಮನೆಯೊಳಗಿನ ಮಾತಲ್ಲ. (ಅದು ಶುಕ್ರವಾರವೇ ಮುಗಿದಿರುತ್ತದೆ.) ಬೀದಿಯನ್ನು ಗುಡಿಸಬೇಕು. ಅಕ್ರೋಟದ ಓಣಿಯ ಏಳೂ ಮನೆಗಳಿಗೆ ಸೇರಿ ಒಂದು ಮರದ ಹಲಗೆ ಇದೆ. ಅದು ಯಾರ ಬಾಗಿಲಿನ ಹಿಡಿಗೆ ನೇತುಬೀಳುತ್ತದೋ ಆ ವಾರ ಆ ಮನೆಯ ಪಾಳಿ, ಮನೆಯೊಳಗೆ ಮತ್ತೆ ಒಬ್ಬೊಬ್ಬರಿಗೂ ಸರದಿ. ಗುಡಿಸಿದರೆ ಸಾಲದು, ಹಾಸುಗಲ್ಲುಗಳ ನಡುವಿನ ಸಂದಿಗೊಂದಿಯನ್ನೆಲ್ಲ ಕೆರೆದು, ಹುಟ್ಟಿದ ಹುಲ್ಲನ್ನು ಹುಟ್ಟಿದಲ್ಲೇ ಸಂಹರಿಸಬೇಕು. ಎದುರು ಮನೆಯ ಶ್ರೀಮತಿ ಐಸೆಲೆ ಎಂಬ ವಿಧವೆ ಈ ಸಂಹಾರಕಾರ್ಯಕ್ಕೆ ಆಲೂಗಡ್ಡೆ ಸುಲಿಯುವ ಹಳೆಯ ಚಾಕುವನ್ನೇ ಬಳಸುತ್ತಾರೆ. ಆಕೆ ಬಗ್ಗಿ ಎದ್ದ ಕಲ್ಲಿನ ಮೇಲೆ ಊಟ ಬಡಿಸಬಹುದು.

ಒಟ್ಮಾರನಿಗೆ ಓಣಿಯ ಜೊತೆಗೆ ಇನ್ನೊಂದು ಶನಿಕಾಟವೂ ಇತ್ತು, ಅವನದೇ ಗ್ಯಾರೇಜಿನ ಛಾವಣಿ. ಓಣಿಯ ಅಂಚಿಗೇ ಕಟ್ಟಿದ ಚಪ್ಪಟೆ ಛಾವಣಿ, ಅದರ ಮೇಲೆ ಜಲ್ಲಿ. ಶ್ರೀಮತಿ ಐಸೆಲೆಯವರ ಅಕ್ರೋಟದ ಮರ ತನ್ನ ಸಕಲ ಸಂಪತ್ತನ್ನೂ ಅದರ ಮೇಲೇ ಸುರಿಯುತ್ತಿತ್ತು. ಜಲ್ಲಿಯಿಂದ ಎಲೆ ಆರಿಸುವುದೆಂದರೆ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ಮೊದಲ ಮಹಡಿಯಲ್ಲಿ ಮಲಗುವ ಕೋಣೆಯ ಕಿಟಕಿ ತೆರೆದರೆ ಎದುರಿಗೇ ಆ ಛಾವಣಿ. ಹೀಗಾಗಿ ಹೆಂಡತಿ ಗುಡ್ರುನ್ ಕಣ್ಣುಬಿಟ್ಟ ಕೂಡಲೇ ಆಡುತ್ತಿದ್ದ ಮೊದಲ ಮಾತು, "ರೀ, ಛಾವಣಿ ನೋಡಿದ್ರಾ?"

ಆ ವರ್ಷ ಏಪ್ರಿಲ್‌ನಲ್ಲಿ ತೋಟಗಾರಿಕೆಯ ಮೇಳಕ್ಕೆ ಹೋಗಿದ್ದ ಒಟ್ಮಾರ್ ಮುಖ ಅರಳಿಸಿಕೊಂಡು ಬಂದ. ಅಲ್ಲಿ ಅವನಿಗೆ ಸೀಡಮ್ ಹಾಸಿನ ದರ್ಶನವಾಗಿತ್ತು. ಸೀಡಮ್ ಎಂದರೆ ನಮ್ಮ ಗೋಣಿಸೊಪ್ಪಿನ ದೂರದ ನೆಂಟನ ಹಾಗೆ ಕಾಣುವ ಒಂದು ಪುಟ್ಟ ಗಿಡ. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಂಡು, ಮಣ್ಣಿದ್ದರೂ ಸರಿ ಇಲ್ಲದಿದ್ದರೂ ಸರಿ ಎಂದು ಬದುಕುವ ಜಾತಿ. ಅದನ್ನು ತೆಂಗಿನ ನಾರಿನ ಚಾಪೆಯ ಮೇಲೆ ಬೆಳೆಸಿ, ಸುರುಳಿ ಸುತ್ತಿ ಮಾರುತ್ತಾರೆ. ಛಾವಣಿಯ ಮೇಲೋ ಅಂಗಳದಲ್ಲೋ ಬಿಚ್ಚಿ ಹಾಸಿದರೆ ಮುಗಿಯಿತು. ಸುರುಳಿಗೆ ಸುತ್ತಿದ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಎರಡೇ ಮಾತು ಅಚ್ಚಾಗಿತ್ತು: ಹಾಸಿ, ಮರೆತುಬಿಡಿ.

ಭಾನುವಾರದ ಊಟಕ್ಕೆ, ವಸಂತದಲ್ಲಿ ಮಾತ್ರ ಸಿಗುವ ಬಿಳಿ ಶತಾವರಿಯ ದಂಟು ಬೇಯಿಸಿದ್ದರು. ಮೇಲಿನ ಮಹಡಿಯಲ್ಲಿ ಬೇರೆ ಸಂಸಾರ ಹೂಡಿದ್ದ ಅತ್ತೆ, ಗುಡ್ರುನ್‌ಳ ತಾಯಿ ವಾಲ್ಬುರ್ಗಾ ಕೂಡ ಊಟಕ್ಕೆ ಇಳಿದು ಬಂದಿದ್ದರು. ಒಟ್ಮಾರ್ ತನ್ನ ಮಹಾಸಂಕಲ್ಪವನ್ನು ಮಂಡಿಸಿದ.

"ಕತ್ತರಿಸೋ ಹಾಗಿಲ್ಲ, ನೀರು ಹಾಕೋ ಹಾಗಿಲ್ಲ, ಗುಡಿಸೋ ಹಾಗಿಲ್ಲ. ಬಿದ್ದ ಎಲೆ ಗಾಳಿಗೆ ಹಾರಿಹೋಗತ್ತೆ, ಉಳಿದಿದ್ದು ಕೊಳೆತು ಅದಕ್ಕೇ ಗೊಬ್ಬರ ಆಗತ್ತೆ. ನಾನು ಆ ಕಡೆ ತಿರುಗಿ ನೋಡೋ ಅಗತ್ಯವೇ ಇಲ್ಲ!"

"ನೀವು? ತಿರುಗಿ ನೋಡದೆ ಇರ್ತೀರಾ?" ಗುಡ್ರುನ್ ಫೋರ್ಕ್ ಕೆಳಗಿಟ್ಟಳು. "ಹೋದ ವಾರ ಹಲ್ಲಿನ ಡಾಕ್ಟರ ಕೋಣೆಯಲ್ಲಿ ಓರೆಯಾಗಿದ್ದ ಫೋಟೋ ಸರಿ ಮಾಡೋಕೆ ಬಾಯಿ ತೆರೆದುಕೊಂಡೇ ಎದ್ದು ಹೋದವರು ಯಾರು?"

"ಅದು ಫೋಟೋ ಕಣೇ. ಇದು ಪ್ರಕೃತಿ."

"ಹಾಗಾದ್ರೆ ಪಣ ಕಟ್ಟೋಣ. ಮುಂದಿನ ವರ್ಷ ಶತಾವರಿ ಬರೋ ತನಕ, ನೀವು ಆ ಛಾವಣಿ ಮೇಲೆ ಕಾಲಿಡದೆ ಅದು ಹಸುರಾಗೇ ಇದ್ರೆ, ನಿಮ್ಮ ಶನಿವಾರ ನಿಮ್ದೇ. ಜೀವನಪೂರ್ತಿ. ಓಣಿ ಪಾಳಿ ನಾನೇ ನೋಡ್ಕೋತೀನಿ. ಅಲ್ಲಿವರೆಗೂ ಮಧ್ಯಾಹ್ನ ರಜಾ ತಗೊಳ್ಳಿ, ಫುಟ್‌ಬಾಲ್ ನೋಡಿ, ನಾನು ಉಸಿರೆತ್ತಲ್ಲ."

"ಸೋತರೆ?"

"ಸೋತರೆ ನನ್ನ ಪಾಳೀನೂ ನಿಮ್ದೇ."

"ನನ್ನದೂ ಸೇರಿಸ್ಕೊಳ್ಳೇ," ಎಂದರು ವಾಲ್ಬುರ್ಗಾ ಶತಾವರಿಯಿಂದ ಕಣ್ಣೆತ್ತದೆ. "ಸಾಕ್ಷಿ ಹೇಳೋಳಿಗೂ ಏನಾದ್ರೂ ಸಿಗ್ಬೇಕು."

ಜೀವನಪೂರ್ತಿ ಎಂಬ ಪದ ಒಟ್ಮಾರನ ಕಿವಿಯಲ್ಲಿ ಚರ್ಚಿನ ಗಂಟೆಯ ಹಾಗೆ ಮೊಳಗಿತು. ಅವನು ಕೂಡಲೇ ಕೈ ಕುಲುಕಿ ಒಪ್ಪಿದ.

ಹಾಸುವ ಕೆಲಸವನ್ನು ಅವನು ಮಾಡಿದ ರೀತಿಯನ್ನು ಮೆಚ್ಚಲೇಬೇಕು. ಜಲ್ಲಿಯನ್ನೆಲ್ಲ ಇಳಿಸಿ, ನೀರು ಸೋರದಂಥ ಹಾಳೆ ಹೊದಿಸಿ, ಬೇರು ಕೊರೆಯದಂತೆ ಅದರ ಮೇಲೊಂದು ಹಾಳೆ, ನೀರು ಬಸಿಯಲು ದಪ್ಪ ಬಟ್ಟೆ, ಅದರ ಮೇಲೆ ತೆಳುವಾಗಿ ಹಗುರ ಮಣ್ಣು, ಎಲ್ಲವನ್ನೂ ಮಟ್ಟಗೋಲು ಹಿಡಿದು ಮಾಡಿದ. ಆಮೇಲೆ ಸುರುಳಿಗಳು ಬಂದವು. ಒದ್ದೆ ಹಾಸು ಎಮ್ಮೆಕರುವಿನಷ್ಟು ಭಾರ. ಒಟ್ಮಾರ್ ಮೇಲೆ, ಗುಡ್ರುನ್ ಏಣಿಯ ಮೇಲೆ, ಅತ್ತೆ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಹಿಡಿದು.

"ಸ್ವಲ್ಪ ಎಡಕ್ಕೆ ತಳ್ಳು!"

"ಯಾರ ಎಡಕ್ಕೆ? ನಿಮ್ದೋ, ನನ್ದೋ?"

"ಛಾವಣಿಯ ಎಡಕ್ಕೆ ಕಣೇ!"

"ಛಾವಣಿಗೂ ಎಡ ಬಲ ಇರತ್ತೆ ಅಂತ ಇವತ್ತೇ ಗೊತ್ತಾಗಿದ್ದು ನಂಗೆ."

"ಅಳಿಯಂದ್ರೇ," ಬಾಲ್ಕನಿಯಿಂದ ವಾಲ್ಬುರ್ಗಾ ಅಂದರು, "ಕಾರ್ಪೆಟ್ಟು ಬಹಳ ಚೆನ್ನಾಗಿದೆ. ಮಲಗೋದೂ ಇನ್ಮೇಲೆ ಅಲ್ಲೇ ಅಂತಾದ್ರೆ ಹೇಳಿ, ದಿಂಬು ಎಸೀತೀನಿ."

ಸಂಜೆಯ ಹೊತ್ತಿಗೆ ಗ್ಯಾರೇಜು ಹಸುರು ಟೋಪಿ ಹಾಕಿಕೊಂಡಿತ್ತು. ಕತ್ತರಿಸಿ ಉಳಿದ ಒಂದು ತುಂಡನ್ನು ವಾಲ್ಬುರ್ಗಾ ಕೇಳಿ ತೆಗೆದುಕೊಂಡು, ಹಿತ್ತಲಲ್ಲಿ ಮಳೆನೀರಿನ ಪೀಪಾಯಿಯ ಪಕ್ಕದ ಬರಡು ಜಾಗಕ್ಕೆ ಎಸೆದು ಕೈ ಒರೆಸಿಕೊಂಡರು. ತುಂಡು ಮಡಿಸಿಕೊಂಡು ಓರೆಯಾಗಿ ಬಿತ್ತು. ಆ ಅವಮರ್ಯಾದೆಯನ್ನು ನೋಡಲಾರದೆ ಒಟ್ಮಾರ್ ಮುಖ ತಿರುಗಿಸಿದ.

ಮೊದಲ ಶನಿವಾರ ಪರಮಾನಂದದಿಂದ ಶುರುವಾಯಿತು. ಟಿವಿಯಲ್ಲಿ ಪಂದ್ಯ, ಕೈಯಲ್ಲಿ ಬಿಯರ್. ಮಲಗುವ ಕೋಣೆಯ ಬಾಗಿಲು ತೆರೆದಿತ್ತು, ಅದರಾಚೆ ಕಿಟಕಿ, ಕಿಟಕಿಯಾಚೆ ಹಸುರು ಛಾವಣಿ. ಅದರ ಮೇಲೆ ಒಂದು ಎಲೆ ಬಿದ್ದಿತ್ತು.

ಒಂದೇ ಒಂದು ಎಲೆ. ಒಟ್ಮಾರ್ ಕಣ್ಣನ್ನು ಟಿವಿಯತ್ತ ತಿರುಗಿಸಿದ. ಕಣ್ಣು ಎಲೆಯತ್ತ ಹೋಯಿತು. ಕುರ್ಚಿ ತಿರುಗಿಸಿಕೊಂಡ, ಬೆನ್ನಿಗೆ ಎಲೆ ಚುಚ್ಚಿದ ಹಾಗಾಯಿತು. ಅವನ ತಂಡ ಎರಡು ಗೋಲು ಹೊಡೆದದ್ದು ಅವನಿಗೆ ತಿಳಿದದ್ದು ಮರುದಿನದ ಪತ್ರಿಕೆಯಿಂದ. ಆ ಸೀಮೆಯ ಜನರ ಸ್ವಭಾವವೇ ಹಾಗೆ ನೋಡಿ. ಕೆಲಸವೆಂದರೆ ಗೊಣಗುತ್ತಾರೆ, ಆದರೆ ಕಸ ಕಣ್ಣಿಗೆ ಬಿದ್ದರೆ ಕೂರಲಾರರು. ಪಟ್ಟಿಯ ಮೇಲೆ ಅಚ್ಚಾಗಿದ್ದ ಎರಡು ಮಾತಿನಲ್ಲಿ ಮೊದಲನೆಯದನ್ನು ಒಟ್ಮಾರ್ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದ. ಎರಡನೆಯದು ಅವನ ಕೈಲಾಗದ ವಿದ್ಯೆಯಾಗಿತ್ತು.

ಶನಿವಾರ ಬೆಳಿಗ್ಗೆ ಗುಡ್ರುನ್ ಮತ್ತು ವಾಲ್ಬುರ್ಗಾ ಸಂತೆಗೆ ಹೋಗುತ್ತಾರೆ. ಶ್ರೀಮತಿ ಐಸೆಲೆ ಗಂಡನ ಸಮಾಧಿಯ ಹೂವಿಗೆ ನೀರೆರೆಯಲು ಹೋಗುತ್ತಾರೆ. ಓಣಿಯೇ ಖಾಲಿ. ಮುಂದಿನ ಶನಿವಾರ ಹೆಂಗಸರು ತಿರುವಿನಲ್ಲಿ ಮರೆಯಾದದ್ದೇ ತಡ, ಒಟ್ಮಾರ್ ಏಣಿ ಹತ್ತಿದ. ಎಲೆಯೊಂದನ್ನು ಎತ್ತಿ ಇಳಿದುಬಿಡುವುದೆಂಬುದು ಅವನ ಪ್ರಾಮಾಣಿಕ ಉದ್ದೇಶವಾಗಿತ್ತು. ಎಲೆಯ ಪಕ್ಕದಲ್ಲಿ ಒಂದು ಕಡ್ಡಿ ಕಂಡಿತು. ಕಡ್ಡಿಯ ಪಕ್ಕದಲ್ಲಿ ಹಕ್ಕಿಯ ಹಿಕ್ಕೆ. ಒಟ್ಮಾರ್ ಇಳಿದು ಪೊರಕೆ ತಂದ.

ಇಡೀ ಛಾವಣಿಯನ್ನು ಗುಡಿಸಿ ಮುಗಿಸಿದಾಗ ಕಸವೆಲ್ಲ ಓಣಿಗೆ ಬಿದ್ದಿತ್ತು. ಗುರುತು ಉಳಿದರೆ ಪಣ ಹೋಯಿತಲ್ಲ! ಓಣಿಯನ್ನೂ ಗುಡಿಸಿದ. ತನ್ನ ಮನೆಯ ಮುಂದೆ ಮಾತ್ರ ಗುಡಿಸಿದರೆ ಅನುಮಾನ ಬರುತ್ತದೆಂದು, ಓಣಿಯ ಕೆಳತುದಿಯ ಕಸದ ತೊಟ್ಟಿಯವರೆಗೂ ಗುಡಿಸುತ್ತಲೇ ಹೋದ. ಬೆವರೊರೆಸಿ, ಅಂಗಿ ಬದಲಿಸಿ, ಹೆಂಗಸರು ಬರುವ ಹೊತ್ತಿಗೆ ಪತ್ರಿಕೆ ಹಿಡಿದು ಕೂತಿದ್ದ.

"ಏನ್ ಮಾಡಿದ್ರಿ?" ಗುಡ್ರುನ್ ಕೇಳಿದಳು.

"ಏನಿದೆ ಮಾಡೋಕೆ? ಹಾಸಿ ಮರೆತಾಯ್ತಲ್ಲ."

"ಪೇಪರ್ ತಲೆಕೆಳಗಾಗಿದೆ ಅಳಿಯಂದ್ರೇ," ಎಂದರು ವಾಲ್ಬುರ್ಗಾ.

ಅಂದಿನಿಂದ ಪ್ರತಿ ಶನಿವಾರವೂ ಅದೇ ಕಾರ್ಯಕ್ರಮ. ಕೆಲಸವೇ ಬೇಡದ ಛಾವಣಿಗೆ ಕೆಲಸ ಬೇಡವೆಂದು ಸಾಧಿಸಲು ಒಟ್ಮಾರ್ ಹಿಂದೆಂದಿಗಿಂತ ಹೆಚ್ಚು ದುಡಿಯತೊಡಗಿದ. ಬೇಸಿಗೆಯಲ್ಲಿ ಪೊರಕೆ, ಎಲೆ ಉದುರುವ ಕಾಲಕ್ಕೆ ಕಬ್ಬಿಣದ ಹಲ್ಲಿನ ಕುಂಟೆ. ಚಳಿಗೆ ಸೀಡಮ್ ಕೆಂಪಗಾದಾಗ ಸತ್ತೇಹೋಯಿತೆಂದು ಗಾಬರಿಯಾಗಿ, ಕೆಂಪಾದದ್ದನ್ನೆಲ್ಲ ಕಿತ್ತ. (ಚಳಿಯಲ್ಲಿ ಅದು ಕೆಂಪಾಗುವುದು ಸಹಜ. ಅದನ್ನು ತಿಳಿಯಬೇಕಾದರೆ ಯಾರನ್ನಾದರೂ ಕೇಳಬೇಕಿತ್ತು. ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತು.) ಮಾರ್ಚ್ ಬರುವಷ್ಟರಲ್ಲಿ ಛಾವಣಿ ಒಟ್ಮಾರನ ತಲೆಯ ಹಾಗೇ ಕಾಣುತ್ತಿತ್ತು. ಅಂಚಿನಲ್ಲಿ ಸ್ವಲ್ಪ, ನಡುವೆ ನುಣ್ಣಗೆ.

"ರೀ, ಛಾವಣಿ ಯಾಕೋ ಬೋಳಾಗ್ತಾ ಇದೆ?"

"ನಿದ್ದೆ ಮಾಡ್ತಿದೆ ಕಣೇ. ಚಳಿಗಾಲದ ನಿದ್ದೆ. ವೈಜ್ಞಾನಿಕ ವಿಷಯ, ನಿಂಗೆ ಗೊತ್ತಾಗಲ್ಲ."

"ಓಹೋ," ಎಂದಳು ಗುಡ್ರುನ್. ಅವಳು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದಕ್ಕೇ ಅವನು ಹೆದರಬೇಕಿತ್ತು.

ಏಪ್ರಿಲ್‌ನಲ್ಲಿ ಓಣಿಯ ಮೇಲೆ ಮಹಾವಿಪತ್ತು ಎರಗಿತು. ಕಲ್ಲುಗಳ ಸಂದುಗಳಲ್ಲಿ ಏನೋ ಹಸುರು ಚಿಗುರಿತು. ಕೆರೆದರೆ ಮುರಿಯುತ್ತಿತ್ತು, ಮುರಿದರೆ ಎರಡಾಗುತ್ತಿತ್ತು. ಶ್ರೀಮತಿ ಐಸೆಲೆಯವರ ಚಾಕು ಅವರ ಜೀವನದಲ್ಲೇ ಮೊದಲ ಬಾರಿಗೆ ಸೋತಿತು. ಆಕೆ ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕನೆಯ ದಿನ ಓಣಿಯವರನ್ನೆಲ್ಲ ತನ್ನ ಅಂಗಳಕ್ಕೆ ಸಭೆಗೆ ಕರೆದರು. ಗಂಟು ಹಾಕಿ ಸುಟ್ಟ ಉಪ್ಪು ಬ್ರೆಡ್ಡು ಬ್ರೆಟ್ಸೆಲ್ ಇತ್ತು, ಆಲೂಗಡ್ಡೆ ಸಲಾಡ್ ಇತ್ತು, ಆದರೆ ಯಾರಿಗೂ ಹಸಿವಿರಲಿಲ್ಲ.

"ಇದು ತಾನಾಗೇ ಬಂದಿದ್ದಲ್ಲ," ಚಾಕುವಿನ ತುದಿಯಲ್ಲಿ ಒಂದು ಚಿಗುರನ್ನು ಎತ್ತಿಹಿಡಿದು ಆಕೆ ಹೇಳಿದರು. "ಯಾರೋ ಬೇಕಂತಲೇ ಬಿತ್ತಿದ್ದಾರೆ. ನಲವತ್ತು ವರ್ಷ ಈ ಕಲ್ಲು ನೋಡ್ಕೊಂಡಿದೀನಿ ನಾನು. ನಮ್ಮೆಜಮಾನ್ರು ಹೋದ ದಿನಾನೂ ಕೆರೆದಿದೀನಿ!"

ಎಲ್ಲರೂ ಒಟ್ಮಾರನತ್ತ ನೋಡಿದರು. ತಪ್ಪು ಹುಡುಕುವುದು ಅವನ ವೃತ್ತಿಯಾಗಿತ್ತಲ್ಲ. ಒಟ್ಮಾರ್ ಜೇಬಿನಿಂದ ಭೂತಗನ್ನಡಿ ತೆಗೆದ. ಚಿಗುರನ್ನು ಎಲ್ಲೋ ನೋಡಿದ ಹಾಗಿತ್ತು. ಆದರೆ ದಿನಾ ಅಂಗಡಿಯಲ್ಲಿ ಕಾಣುವ ಬ್ರೆಡ್ಡಿನವನು ಈಜುಕೊಳದಲ್ಲಿ ಎದುರಾದರೆ ಗುರುತು ಹತ್ತದಲ್ಲ, ಹಾಗಾಯಿತು. ಅವನ ಛಾವಣಿಯ ಮೇಲೆ, ಅಂಚಿನ ಒಣಕಲನ್ನು ಬಿಟ್ಟರೆ, ಸೀಡಮ್ ಸತ್ತು ಸ್ವರ್ಗ ಸೇರಿ ಎಷ್ಟೋ ತಿಂಗಳಾಗಿತ್ತು.

"ಹೊರಗಿನ ಸಸ್ಯ," ಎಂದು ಅವನು ಗಂಭೀರವಾಗಿ ತೀರ್ಪಿತ್ತ. "ಐಸೆಲೆಯವರೇ, ನೀವು ಚಿಂತೆ ಮಾಡ್ಬೇಡಿ. ಇವತ್ತೇ ಹಿಡೀತೀನಿ. ಇದು ಯಾರ ಕೆಲಸಾನೋ, ಅವರೇ ಮೊಣಕಾಲೂರಿ, ಈ ತುದಿಯಿಂದ ಆ ತುದಿವರೆಗೂ ಒಂದೊಂದು ಸಂದನ್ನೂ ಕೆರೀಬೇಕು. ಅದೂ ಶನಿವಾರ ಮಧ್ಯಾಹ್ನ, ಸರಿಯಾಗಿ ಫುಟ್‌ಬಾಲ್ ಹೊತ್ತಲ್ಲಿ. ಆಗ್ಲೇ ಬುದ್ಧಿ ಬರೋದು!"

ಚಪ್ಪಾಳೆ ಬಿತ್ತು. ಶ್ರೀಮತಿ ಐಸೆಲೆ ಕಣ್ಣೊರೆಸಿಕೊಂಡರು. ಗುಡ್ರುನ್ ಯಾಕೋ ಬ್ರೆಟ್ಸೆಲನ್ನು ಬಾಯಿತುಂಬ ತುರುಕಿಕೊಂಡು ಬೇರೆ ಕಡೆ ತಿರುಗಿದಳು. ವಾಲ್ಬುರ್ಗಾ ಮಂಡಿನೋವೆಂದು ಎದ್ದು ಮನೆಗೆ ಹೋದರು.

ತನಿಖೆ ಓಣಿಯ ಕೆಳತುದಿಯ ಕಸದ ತೊಟ್ಟಿಯಿಂದ ಆರಂಭವಾಯಿತು. ಮುಂದೆ ಒಟ್ಮಾರ್, ಹಿಂದೆ ಏಳು ಮನೆಯ ಜನ.

"ಗಮನಿಸಿ," ಎಂದ ಅವನು ಬಗ್ಗಿ. "ಇಲ್ಲಿ ತೆಳು. ಅಲ್ಲಿ ದಟ್ಟ. ಅಂದ್ರೆ ಮೂಲ ಮೇಲ್ಗಡೆ ಇದೆ. ಬನ್ನಿ!"

ಹಸುರಿನ ಜಾಡು ಹಿಡಿದು ಮೆರವಣಿಗೆ ಹತ್ತಿತು. ಮೊದಲನೆಯ ಮನೆ, ಎರಡನೆಯ ಮನೆ. ಹಸುರು ಇನ್ನಷ್ಟು ದಟ್ಟವಾಯಿತು. ಒಟ್ಮಾರನ ದನಿ ಏರುತ್ತಿತ್ತು. "ಬೇರು ಎಷ್ಟು ಗಟ್ಟಿ ನೋಡಿ! ಯಾರೋ ತಿಂಗಳುಗಟ್ಟಲೆ, ಶ್ರದ್ಧೆಯಿಂದ, ಪೊರಕೆಯಲ್ಲಿ ಒತ್ತಿ ಒತ್ತಿ ಸಂದಿನೊಳಗೆ ತುಂಬಿದ..."

ಮಾತು ಅಲ್ಲಿಗೇ ನಿಂತಿತು. ಎದುರಿಗೆ ಅವನದೇ ಗ್ಯಾರೇಜು. ಅದರ ಬುಡದ ಕಲ್ಲುಗಳು ಕಾಣುತ್ತಲೇ ಇರಲಿಲ್ಲ, ಅಷ್ಟು ಸೊಂಪಾದ ಹಸುರು. ಬ್ರೆಡ್ಡಿನವನ ಗುರುತು ಈಗ ಹತ್ತಿತು. ಅವನೇ ಛಾವಣಿಯಿಂದ ಗುಡಿಸಿ ಉದುರಿಸಿದ ಸೀಡಮ್ ಚೂರುಗಳು!

"ಇವತ್ತಿಗೆ ಇಷ್ಟು ಸಾಕು ಅನ್ಸತ್ತೆ," ಎಂದ ಭೂತಗನ್ನಡಿಯನ್ನು ಜೇಬಿಗೆ ತೂರಿಸುತ್ತ. "ಬಿಸಿಲು ಜಾಸ್ತಿ ಇದೆ. ಸಲಾಡ್ ಕೆಟ್ಟುಹೋಗತ್ತೆ."

"ಇನ್ನೊಂದ್ ಹತ್ ಹೆಜ್ಜೆ ಅಳಿಯಂದ್ರೇ!" ಬಾಲ್ಕನಿಯಿಂದ ವಾಲ್ಬುರ್ಗಾರ ದನಿ ಕೇಳಿತು. ಕಾಫಿ ಹಿಡಿದು ಕೂತಿದ್ದರು. "ಏಣಿ ಹಿತ್ತಲಲ್ಲಿದೆ, ಪ್ರತಿ ಶನಿವಾರ ಇಡ್ತೀರಲ್ಲ, ಅಲ್ಲೇ."

ಒಟ್ಮಾರ್ ಹೆಂಡತಿಯ ಕಡೆ ತಿರುಗಿದ. "ನಿಂಗೆ... ಗೊತ್ತಿತ್ತಾ?"

"ಎರಡನೇ ವಾರಾನೇ ಗೊತ್ತಾಯ್ತು. ಬುಟ್ಟಿ ಮರೆತು ವಾಪಸ್ ಬಂದ್ವಿ. ನೀವು ಛಾವಣಿ ಮೇಲೆ ನಿಂತು ಗಿಡಕ್ಕೆ ಬೈತಾ ಇದ್ರಿ."

"ಮತ್ತೆ ಹೇಳಲಿಲ್ಲ ಯಾಕೆ?"

"ಯಾಕ್ ಹೇಳ್ಲಿ ರೀ? ವರ್ಷವಿಡೀ ನನ್ನ ಪಾಳಿ, ಅಮ್ಮನ ಪಾಳಿ, ಊರವರ ಪಾಳಿ ಎಲ್ಲಾ ನೀವೇ ಮುಗಿಸಿದ್ರಿ. ಒಂದು ದಿನ ಗೊಣಗಲಿಲ್ಲ. ನಾವು ಸಂತೆ ಮುಗಿದ ಮೇಲೂ ನಿಮಗೋಸ್ಕರ ಅಂತ ಒಂದು ಗಂಟೆ ಕಾಫಿ ಅಂಗಡಿಯಲ್ಲಿ ಕೂತು ಕೇಕ್ ತಿಂದು ಬರ್ತಿದ್ವಿ. ನಾಲ್ಕು ಕೆಜಿ ದಪ್ಪ ಆಗಿದೀನಿ ನಾನು, ನಿಮ್ಮ ದೆಸೆಯಿಂದ!"

ಶ್ರೀಮತಿ ಐಸೆಲೆ ನಿಧಾನವಾಗಿ ಮುಂದೆ ಬಂದರು. ಬೈಯುತ್ತಾರೆಂದು ಒಟ್ಮಾರ್ ಕಣ್ಣುಮುಚ್ಚಿಕೊಂಡ. ಆಕೆ ಬೈಯಲಿಲ್ಲ. ಅವನ ಅಂಗೈಯನ್ನು ಬಿಡಿಸಿ, ಅದರ ಮೇಲೆ ಆಲೂಗಡ್ಡೆ ಚಾಕುವನ್ನು ಇಟ್ಟರು.

"ತೀರ್ಪು ನೀವೇ ಕೊಟ್ಟಿದೀರಿ ಬಾಯರ್ಲೆಯವರೇ. ಚಾಕು ಜೋಪಾನ."

ಮೇ ತಿಂಗಳ ಶನಿವಾರ, ಋತುವಿನ ಕೊನೆಯ ಪಂದ್ಯ. ಗೆದ್ದರೆ ಅವನ ತಂಡ ಮೇಲಿನ ದರ್ಜೆಯಲ್ಲಿ ಉಳಿಯುತ್ತದೆ, ಸೋತರೆ ಕೆಳಕ್ಕೆ. ಒಟ್ಮಾರ್ ಓಣಿಯ ನಡುವೆ ಮೊಣಕಾಲೂರಿದ್ದಾನೆ. ಪಕ್ಕದಲ್ಲಿ ಬಕೆಟ್ಟು, ಕತ್ತಿನ ಹಿಂದೆ ಬಿಸಿಲು. ಗ್ಯಾರೇಜಿನ ಪಕ್ಕದ ಅವನದೇ ಮನೆಯಿಂದ ಟಿವಿಯ ಗದ್ದಲ ತೇಲಿಬರುತ್ತಿದೆ. ಒಳಗೆ ಗುಡ್ರುನ್ ಇದ್ದಾಳೆ, ಅತ್ತೆ ಇದ್ದಾರೆ, ಜೀವಮಾನದಲ್ಲೇ ಮೊದಲ ಬಾರಿಗೆ ಶನಿವಾರ ಬಿಡುವಾದ ಶ್ರೀಮತಿ ಐಸೆಲೆಯೂ ಇದ್ದಾರೆ. ಆಕೆ ಕೂತಿರುವುದು ಅವನ ಕುರ್ಚಿಯಲ್ಲಿ. ಕುಡಿಯುತ್ತಿರುವುದೂ ಬಹುಶಃ ಅವನ ಬಿಯರನ್ನೇ. ಅವನಿಗೆ ಅಳು ಬರುವುದೊಂದು ಬಾಕಿ.

ಬಕೆಟ್ಟು ತುಂಬಿತು. ಕಸದ ತೊಟ್ಟಿಗೆ ಹಾಕಿದರೆ ಅಲ್ಲೂ ಚಿಗುರಿಬಿಟ್ಟರೇನು ಗತಿ ಎಂಬ ಭಯ ಅವನಿಗೆ. ಹಿತ್ತಲಲ್ಲಿ ಅತ್ತೆ ಎಸೆದಿದ್ದ ಆ ಓರೆ ತುಂಡು ಈಗ ಪೀಪಾಯಿಯನ್ನೇ ಸುತ್ತುವರಿದು, ಜೇನುಹುಳುಗಳಿಗೆ ಮೊಗ್ಗು ತೋರಿಸುತ್ತ ಮೆರೆಯುತ್ತಿದೆ. ಅದರ ಕಡೆ ಅತ್ತೆ ಒಂದು ದಿನವೂ ತಿರುಗಿ ನೋಡಿದವರಲ್ಲ.

"ಗುಡ್ರುನ್! ಬಕೆಟ್ ತುಂಬ್ತು! ಇದನ್ನ ಏನ್ ಮಾಡ್ಲಿ?"

"ಮೇಲೆ ತನ್ನಿ!"

ಮಣ್ಣಿನ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಬಕೆಟ್ಟು ಹೊತ್ತು ಮಲಗುವ ಕೋಣೆಯ ತನಕ ಬಂದ. ಟಿವಿಯ ಕಡೆ ಕತ್ತು ಚಾಚಲು ನೋಡಿದ, ಶ್ರೀಮತಿ ಐಸೆಲೆಯವರ ತಲೆ ಅಡ್ಡ ಬಂತು. ಗುಡ್ರುನ್ ಪಂದ್ಯದಿಂದ ಕಣ್ಣು ಕೀಳದೆಯೇ ಎದ್ದುಬಂದಳು. ಬಕೆಟ್ಟನ್ನು ಅವನ ಕೈಯಿಂದ ಕಿತ್ತುಕೊಂಡು, ಕಿಟಕಿ ತೆರೆದು, ಒಂದೇ ಬೀಸಿಗೆ ಅಷ್ಟನ್ನೂ ಬೋಳು ಛಾವಣಿಯ ಮೇಲೆ ಚೆಲ್ಲಿದಳು. ಇಲ್ಲಿಷ್ಟು ಗುಡ್ಡೆ, ಅಲ್ಲಿಷ್ಟು ಬಯಲು, ಒಂದು ಹಿಡಿ ಮಳೆನೀರಿನ ತೂಬಿನ ಮೇಲೆ.

ಒಟ್ಮಾರ್ ಕಿಟಕಿಗೆ ಧಾವಿಸಿದ. "ಅಯ್ಯೋ, ಹೀಗಾ? ಸಮವಾಗಿ ಹರಡೋದು ಬೇಡ್ವೇನೇ? ಮಟ್ಟಗೋಲು ತರ್ತೀನಿ ಇರು..."

ಒಳಗೆ ಟಿವಿಯಲ್ಲಿ ಕ್ರೀಡಾಂಗಣ ಹುಚ್ಚೆದ್ದು ಕೂಗಿತು. ಅತ್ತೆ ಕುರ್ಚಿಯಿಂದ ಎಗರಿ ನಿಂತರು, ಶ್ರೀಮತಿ ಐಸೆಲೆ ಬಾಟಲಿ ಎತ್ತಿ ಹಿಡಿದರು.

"ಗೋಲು! ಯಾರದು? ಗುಡ್ರುನ್, ಯಾರು ಹೊಡೆದಿದ್ದು?"

ಗುಡ್ರುನ್ ಖಾಲಿ ಬಕೆಟ್ಟನ್ನು ಅವನ ಕೈಗೆ ವಾಪಸ್ಸು ಕೊಟ್ಟು, ಅವನ ಭುಜ ಹಿಡಿದು ಓಣಿಯ ಕಡೆಗೆ ಮೆಲ್ಲಗೆ ತಿರುಗಿಸಿದಳು.

"ಮರೆತ್ಬಿಡಿ," ಅಂದಳು.